ಹದಿನೈದು ನಿಮಿಷದ ಯಜಮಾನಿಕೆ

ಇಂಡಿ, ಸೋಮವಾರ, 30 ಜುಲೈ 2007

ಯಾರದು, ಈ ವಹಿಗೆ ಕೈ ಹಾಕಿದವರು? ಮುದುಕಿ ಜಳಕಕ್ಕೆ ಹೋದಳು ಎಂದರೆ ತಲೆದಿಂಬಿನ ಕೆಳಗೆ ಕೈ ತೂರಿಸಬೇಕು ಎಂದು ನಿಮ್ಮವ್ವ ಕಲಿಸಿದಳೇ? ನಿನ್ನೆ ಪುಟಗಳ ನಡುವೆ ಇಟ್ಟ ಬೇವಿನ ಕಡ್ಡಿ ಇಂದು ಹಾಸಿಗೆಯ ಮೇಲೆ ಬಿದ್ದಿತ್ತು. ಕಡ್ಡಿಗೆ ಕಾಲು ಬಂದವೇ? ನಾಚಿಕೆಗೇಡಿಗಳೇ, ಕಂಪ್ಯೂಟರಿನ ಪಾಸ್‌ವರ್ಡ್ ಹುಡುಕಲು ಬಂದಿದ್ದರೆ ಬಂದ ಹಾಗೆ ಹೋಗಿ. ಅದು ಇಲ್ಲಿಲ್ಲ. ಅದು ನನ್ನ ತಲೆಯೊಳಗಿದೆ, ತಲೆಯ ಮೇಲೆ ಸೆರಗಿದೆ.

ಬೈದಾಯಿತು. ಈಗ ಸುದ್ದಿ ಬರೆಯುತ್ತೇನೆ, ಏಕೆಂದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನಾನು ಯಜಮಾನಿಯಾಗಿದ್ದೇನೆ! ಮನೆಗಲ್ಲ, ಮನೆಗೆ ಆಗಿ ಎಷ್ಟೋ ವರ್ಷವಾಯಿತು, ಕೀಲಿಗೊಂಚಲು ಸೊಂಟದಲ್ಲೇ ಇದೆ. ಕಂಪ್ಯೂಟರಿಗೆ!

ಮಗ ಶ್ರೀಶೈಲ ನಿಂಬೆಹಣ್ಣಿನ ಅಡತಿ ವ್ಯಾಪಾರದ ಲೆಕ್ಕಕ್ಕೆಂದು ಒಂದು ಹಳೆಯ ಕಂಪ್ಯೂಟರ್ ತಂದಿದ್ದ. ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು. ಓಣಿಯ ಆ ತುದಿಯ ಶಮಶಾದಬಿಯ ಮಗಳು ಇರಮ ವಿಜಾಪುರದ ಕಾಲೇಜಿನಲ್ಲಿ ಇದನ್ನೇ ಓದುತ್ತಾಳೆ. ಅವಳು ಬಂದು, ಅಂಚೆಯಲ್ಲಿ ಪುಕ್ಕಟೆ ಬಂದ ಸಿ.ಡಿ. ತಟ್ಟೆಯೊಂದರಿಂದ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬುದನ್ನು ಅದರೊಳಗೆ ತುಂಬಿ, ನಮ್ಮ ಪಡಸಾಲೆಯಲ್ಲಿ ಓಣಿಯ ಹುಡುಗಿಯರಿಗೆ ಕ್ಲಾಸು ನಡೆಸುತ್ತೇನೆ ಎಂದಳು. ಕ್ಲಾಸಿನ ಫೀ ಬಂದದ್ದರಲ್ಲೇ ಅವಳ ಕಾಲೇಜು ನಡೆಯಬೇಕು. ಆದರೆ ಹುಡುಗಿಯರ ಮನೆಯವರೆಲ್ಲ ಬೇಡವೆಂದು ಹಟ ಹಿಡಿದರು. ಹುಡುಗಿಯರು ಅದರೊಳಗೆ ಏನಾದರೂ ಹಾಕಿಕೊಂಡು ಕೂತರೆ ಯಾರು ಹೊಣೆ? ಆಗ ಶಮಶಾದಬಿ ನನ್ನ ಕಡೆ ಕೈ ತೋರಿಸಿದಳು.

"ಪಾಸ್‌ವರ್ಡ್ ಬಾಳವ್ವನ ಕಡೆ ಇರ್ಲಿ. ಆಕಿ ಬಾಯಾಗಿಂದ ಪೊಲೀಸ್ರೂ ಒಂದು ಅಕ್ಷರ ಹೊರಗ ತಗಿಯಾಂಗಿಲ್ಲ."

ಹೀಗೆ ಸಾಲೋಟಗಿಯಲ್ಲಿ ಮೂರನೇ ಇಯತ್ತೆಗೆ ಪಾಟಿ ಬಿಟ್ಟ ನಾನು ಅಡ್ಮಿನ್ ಆದೆ. ಯಾವ ಹೊಸದನ್ನು ಒಳಗೆ ತರಬೇಕಾದರೂ, ಹಳೆಯದನ್ನು ತೆಗೆಯಬೇಕಾದರೂ ಅದು ನನ್ನ ಮಾತು ಕೇಳುತ್ತದೆ. ಈ ಮನೆಯಲ್ಲಿ ಅದೊಂದಾದರೂ ಕೇಳುತ್ತದಲ್ಲ!

ಗುರುವಾರ, 2 ಆಗಸ್ಟ್

ಇಂದು ಇರಮ ಕನ್ನಡ ಅಕ್ಷರಗಳನ್ನು ಒಳಗೆ ಕೂರಿಸಿದಳು. "ಆಯಿ, ಪಾಸ್‌ವರ್ಡ್ ಕೇಳಾಕತ್ತೈತಿ, ಬರ್ರಿ" ಎಂದು ಕೂಗಿದಳು. ಎಲ್ಲರನ್ನೂ ಅತ್ತ ಮುಖ ಮಾಡಿಸಿ ಒಂದೇ ಬೆರಳಿನಿಂದ ಒತ್ತಿದೆ. ಪರದೆಯ ಮೇಲೆ ಅಕ್ಷರವಿಲ್ಲ, ಚುಕ್ಕಿಯಿಲ್ಲ, ಏನೂ ಇಲ್ಲ.

"ಸತ್ತೇತೇನ ಇದು?"

"ಇಲ್ರಿ ಆಯಿ. ಕೇಳಿಸ್ಕೋತೈತಿ, ತೋರಿಸೂದಿಲ್ಲ."

ಕೇಳಿಸಿಕೊಂಡದ್ದನ್ನು ಯಾರಿಗೂ ತೋರಿಸದ ಪ್ರಾಣಿ ಈ ಓಣಿಗೆ ಬಂದದ್ದು ಇದೇ ಮೊದಲು. ನನಗೆ ಅದರ ಮೇಲೆ ಮರ್ಯಾದೆ ಬಂದಿತು.

ಒತ್ತಿದ ಮೇಲೆ ಇರಮ ಕೆಲಸ ಶುರು ಮಾಡಲು ಹೋದಳು. ನಾನು ಅವಳ ಕೈ ಹಿಡಿದೆ. ತೆರೆದ ಕೂಡಲೇ ಯಾರಾದರೂ ಒಳಗೆ ಇಳಿಯುತ್ತಾರೆಯೇ? ನನ್ನ ತವರಿನಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಬಾಯಿಯ ಕಲ್ಲು ಸರಿಸಿದ ಮೇಲೆ ಮಕ್ಕಳನ್ನೆಲ್ಲ ದೂರ ಅಟ್ಟಿ, ಒಳಗಿನ ಕೆಟ್ಟ ಗಾಳಿ ಹೊರಗೆ ಬರಲಿ ಎಂದು ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು. ದೀಪ ಉಳಿದರೆ ಮನುಷ್ಯ ಇಳಿಯುವುದು. ಇದೂ ಮುಚ್ಚಿಟ್ಟದ್ದೇ ಅಲ್ಲವೇ?

"ಇದು ಹಗೇವು ಅಲ್ರಿ ಆಯಿ!" ಎಂದು ಇರಮ ಹೊಟ್ಟೆ ಹಿಡಿದು ನಕ್ಕಳು.

"ಬಾಯಿ ಮುಚ್ಚು. ಒಂದೀಟು ಗಾಳಿ ಆಡ್ಲಿ."

ಎಲ್ಲರನ್ನೂ ಅಂಗಳಕ್ಕೆ ಕಳಿಸಿ, ಎಮ್ಮೆಗೆ ಮೇವು ಹಾಕಿ, ಚಹಾ ಕುಡಿದು ಬಂದೆ. ಇನ್ನು ಮೇಲೆ ಪ್ರತಿ ಸಲವೂ ಹೀಗೇ. ಆ ಹೊತ್ತಿನಲ್ಲಿ ಪಡಸಾಲೆಗೆ ಕಾಲಿಡುವವಳು ಕಸಬರಿಗೆ ಹಿಡಿದ ನನ್ನ ಸೊಸೆ ಭುವನೇಶ್ವರಿ ಒಬ್ಬಳೇ. ಗುಡಿಸುತ್ತಾಳೆ, ಬರುತ್ತಾಳೆ. ಇಂದು ಮಾತ್ರ ಅವಳ ಕಸ ಬಹಳ ನಿಧಾನವಾಯಿತು. ಮೂಲೆ ಮೂಲೆ ಗುಡಿಸಿದಳೋ ಏನೋ.

ಮಂಗಳವಾರ, 7 ಆಗಸ್ಟ್

ಬರೆದೆ! ನಾನು ಬರೆದೆ! ಕಂಪ್ಯೂಟರಿನಲ್ಲಿ ಬಾಳಮ್ಮ ಎಂದು ಬರೆದೆ! ಮೊದಲು ಬಾಲಮ್ಮ ಆಯಿತು, ಆಮೇಲೆ ಬಾಳಮ ಆಯಿತು, ಮೂರನೆಯದಕ್ಕೆ ನಾನೇ ಬಂದೆ. ಇಷ್ಟು ವರ್ಷ ಬದುಕಿದ್ದರಲ್ಲಿ ನನ್ನ ಹೆಸರನ್ನು ಅಷ್ಟು ದುಂಡಗೆ ಯಾರೂ ಬರೆದಿರಲಿಲ್ಲ. ಮೊಮ್ಮಗಳು ಸುವರ್ಣಾ ಅದನ್ನು ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದಳು. ಬಾಗಿಲಲ್ಲಿ ನಿಂತರೂ ಕಾಣುತ್ತಿತ್ತು. ಕಾಣುತ್ತದೆಯೋ ಇಲ್ಲವೋ ಎಂದು ನಾನೇ ಬಾಗಿಲ ತನಕ ಹೋಗಿ ನೋಡಿ ಬಂದೆ.

ಸಂಜೆ ಶ್ರೀಶೈಲ ಬಂದು ತಲೆ ಕೆರೆದುಕೊಳ್ಳುತ್ತ ನಿಂತ.

"ಯವ್ವಾ, ಸಿನಿಮಾ ಹಾಡಿನ ಒಂದು ತಟ್ಟಿ ಐತಿ. ಅದಕ್ಕೇನೋ ಹಾಕಬೇಕಂತ. ಒಂದೀಟು ತಗಿ."

"ಅರ್ಜಿ ಬರಕೊಂಡ್ ಬಾ."

"ನಾ ತಂದ ಕಂಪ್ಯೂಟರಬೇ ಅದು!"

"ತಂದಾಂವ ನೀನು, ಇದ್ದಾಕಿ ನಾನು. ನಡಿ."

ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗೆಯ ನಡುವೆ ಭುವನಾ ಸೆರಗಿಗೆ ಕೈ ಒರೆಸುತ್ತ ಬಂದಳು. "ಅತ್ತಿ, ನಾನೂ ಒಂದೀಟು ಕುಂಡರ್ಲೇನ್ರಿ?"

"ನಿನಗ್ಯಾಕ? ಸಾರಿಗೆ ಉಪ್ಪು ಕಂಪ್ಯೂಟರ್ ಹಾಕ್ತೈತೇನ?"

ಮತ್ತೆ ನಗೆ. ಅವಳೂ ನಕ್ಕು ಒಳಗೆ ಹೋದಳು. ಬಸವನ ಬಾಗೇವಾಡಿಯಲ್ಲಿ ಮೆಟ್ರಿಕ್ ಪಾಸಾದವಳು. ಮದುವೆಯ ಮಾತಿಗೆ ಅವಳ ತವರೂರು ಮಸೂತಿಗೆ ಹೋದಾಗ ಅವಳಪ್ಪ ಅದನ್ನು ಒಂದೇ ಊಟದಲ್ಲಿ ಮೂರು ಸಲ ಹೇಳಿದ್ದ. ನನ್ನ ಮೂರನೇ ಇಯತ್ತೆಗೆ ಚುಚ್ಚಲೆಂದೇ ಹೇಳಿದ್ದು. ಇಪ್ಪತ್ತು ವರ್ಷದ ಮೇಲಾಯಿತು, ಆ ಹೋಳಿಗೆಯ ಪಂಕ್ತಿಯಲ್ಲಿ ಯಾರು ಎಲ್ಲಿ ಕೂತಿದ್ದರು ಎನ್ನುವುದೂ ನನಗೆ ನೆನಪಿದೆ.

ಶನಿವಾರ, 11 ಆಗಸ್ಟ್

ಮನೆಯೊಳಗೆ ಕಳ್ಳರು ಹೊಕ್ಕಿದ್ದಾರೆ!

ಬೆಳಿಗ್ಗೆ ಕಂಪ್ಯೂಟರ್ ಶುರು ಮಾಡಿದೆ. ದಿನಾ ನನ್ನ ಹೆಸರು ಒಂದೇ ಇರುತ್ತಿತ್ತು. ಇಂದು ಅದರ ಕೆಳಗೆ ಇನ್ನೊಂದು! ಪಕ್ಕದಲ್ಲಿ ಹೂವಿನ ಚಿತ್ರ. ಸುವರ್ಣಾ ಓದಿದಳು: ಅಬ್ಬಲಿಗೆ. ನನ್ನ ಅಪ್ಪಣೆ ಇಲ್ಲದೆ ಇದರೊಳಗೆ ಒಂದು ಇರುವೆ ಹೊಗುವಂತಿಲ್ಲ, ಇವಳಾರು ಅಬ್ಬಲಿಗೆ? ಒತ್ತಿ ನೋಡಿದೆ. ಅವಳದೇ ಬೇರೆ ಪಾಸ್‌ವರ್ಡ್ ಕೇಳಿತು. ನನ್ನನ್ನು! ನನ್ನ ಮನೆಯಲ್ಲಿ!

ಇರಮಳ ಕಿವಿ ಹಿಡಿದು ಕೂರಿಸಿದೆ. ಆಗ ಬಾಯಿ ಬಿಟ್ಟಳು. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಕಂಪ್ಯೂಟರ್ ಅದನ್ನು ಹದಿನೈದು ನಿಮಿಷ ನೆನಪಿಡುತ್ತದಂತೆ. ಆ ಹೊತ್ತಿನಲ್ಲಿ ಮುಂದೆ ಯಾರು ಕೂತರೂ ಅವರ ಮಾತನ್ನು ನನ್ನ ಮಾತೆಂದೇ ನಡೆಸುತ್ತದಂತೆ. ಅಂದರೆ ನಾನು ಗಾಳಿ ಆಡಲಿ ಎಂದು ಎಮ್ಮೆಯ ಹತ್ತಿರ ಹೋದಾಗಲೆಲ್ಲ ನನ್ನ ಯಜಮಾನಿಕೆ ಪಡಸಾಲೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು!

"ಯಾರ ಕೈ ಅಂತ ನೋಡೂದಿಲ್ಲೇನ ಅದು?"

"ಕೈ ನೋಡೂದಿಲ್ರಿ ಆಯಿ. ಹೊತ್ತು ನೋಡ್ತೈತಿ."

"ಮೊದಲ ಯಾಕ ಹೇಳಲಿಲ್ಲ ಖೋಡಿ?"

"ಹೇಳಾಕ ಬಂದ್ರ ಬಾಯಿ ಮುಚ್ಚು ಅಂದ್ರಿ. ಆದ್ರ ಎಷ್ಟು ಹೊತ್ತು ನೆನಪಿಡಬೇಕನ್ನೂದು ನಾವು ಹೇಳಿದಂಗ ಕೇಳ್ತೈತ್ರಿ. ಸೊನ್ನಿ ಹಾಕಿದ್ರ ಒಂದು ನಿಮಿಷಾನೂ ನೆನಪಿಡೂದಿಲ್ಲ, ಪ್ರತಿ ಸಲಾ ಕೇಳ್ತೈತಿ. ಐದು ಹಾಕಿದ್ರ ಐದು ನಿಮಿಷ. ಕಳಿಯೂ ಲೆಕ್ಕದ ಗೆರಿ ಹಾಕಿ ಒಂದು ಬರದ್ರ, ಬಂದ್ ಮಾಡೂತನಕ ಮರಿಯೂದ ಇಲ್ಲ."

ಎಂದೂ ಮರೆಯದಂತೆ ಮಾಡಬಹುದು! ಈ ಯಂತ್ರಕ್ಕೂ ನನ್ನ ಗುಣ ಇದೆ ಎಂದು ಒಂದು ಗಳಿಗೆ ಹಿಗ್ಗಿದೆ. ಆದರೆ ಕಳ್ಳರಿರುವ ಮನೆಯಲ್ಲಿ ಅದು ಆಗದು. ಇರಮ ಹೇಳಿದ ಸಾಲನ್ನು ನಾನೇ ಒತ್ತಿದೆ, ನಾನೇ ಕೊನೆಗೆ ಸೊನ್ನೆ ಇಟ್ಟೆ. ಕುಂಕುಮದ ಬೊಟ್ಟಿನಂಥ ಸೊನ್ನೆ. ಈಗ ಬಾ ಅಬ್ಬಲಿಗೆ, ನೋಡುತ್ತೇನೆ!

ಸೋಮವಾರ, 13 ಆಗಸ್ಟ್

ಸೊನ್ನೆ ನನ್ನ ಜೀವ ತಿನ್ನುತ್ತಿದೆ. "ಆಯಿ, ಕೇಳಾಕತ್ತೈತಿ." ಒತ್ತಿ ಬಂದೆ. ಸೆರಗು ಸರಿ ಮಾಡಿಕೊಳ್ಳುವುದರೊಳಗೆ "ಆಯಿ, ಮತ್ತ ಕೇಳಾಕತ್ತೈತಿ." ಹಾಲು ಉಕ್ಕಿತು. ಎಮ್ಮೆ ಹಗ್ಗ ಬಿಚ್ಚಿಕೊಂಡು ಓಣಿಗೆ ಹೋಯಿತು. ಬೆರಳ ತುದಿ ಉರಿಯುತ್ತಿದೆ. ಅಬ್ಬಲಿಗೆ ಮಾತ್ರ ಹೂ ಇಟ್ಟುಕೊಂಡು ಪರದೆಯ ಮೇಲೆ ಹಾಗೇ ಕೂತಿದ್ದಾಳೆ.

ಸಿಟ್ಟು ತಡೆಯಲಾಗಲಿಲ್ಲ. ಇಷ್ಟೆಲ್ಲ ತಿಳಿದವಳು ಇರಮ ಒಬ್ಬಳೇ, ಮಾಡಿದವಳೂ ಅವಳೇ ಇರಬೇಕು. ಎಲ್ಲರ ಮುಂದೆ ಕೇಳಿದೆ.

"ಅಬ್ಬಲಿಗಿ ಯಾರು?"

"ನಾ ಅಲ್ರಿ ಆಯಿ."

"ಹಂಗಾರ ಯಾರು?"

ಹುಡುಗಿ ನೆಲ ನೋಡಿದಳು. "ಗೊತ್ತಿಲ್ಲ ಅಂದ್ರ ಸುಳ್ಳಾಗ್ತೈತಿ. ಹೇಳಿದ್ರ ದ್ರೋಹ ಆಗ್ತೈತಿ. ನಾ ಎರಡೂ ಮಾಡಾಂಗಿಲ್ರಿ."

"ಹೇಳೂದಾದ್ರ ನಾಳಿ ಬಾ. ಇಲ್ಲಂದ್ರ ಈ ಹೊಸ್ತಿಲಾ ತುಳೀಬ್ಯಾಡ."

ಚಪ್ಪಲಿ ಮೆಟ್ಟಿಕೊಂಡು ಹೋದಳು. ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆಯಿತು. ಭುವನಾಳ ಕೈಯಿಂದ ಚಹಾದ ಕಪ್ಪು. ಅವಳಿಗೂ ಬೈದೆ.

ಮಂಗಳವಾರ, 14 ಆಗಸ್ಟ್

ಇರಮ ಬರಲಿಲ್ಲ. ಅವಳವ್ವ ಬಂದಳು. ಶಮಶಾದಬಿಯ ದನಿ ಅವಳಿಗಿಂತ ಮೊದಲೇ ಓಣಿ ದಾಟಿ ಬಂದಿತ್ತು.

"ಏ ಬಾಳವ್ವಾ! ನನ್ನ ಮಗಳು ಕಳ್ಳಿ ಏನ?"

"ಕಳ್ಳಿ ಅಂತ ಯಾರಂದ್ರು? ಬಾಯಿ ಬಿಚ್ಚವಲ್ಲಳು ಅಂದೆ."

"ಬಾಯಿ ಬಿಚ್ಚಲಾರದಾಕಿ ಬೇಕಂತ ನಿನ್ನ ತಂದು ಕುಂಡ್ರಿಸಿದ್ವಿ. ನೀ ಬಾಯಿ ಬಿಚ್ಚದಿದ್ರ ದೊಡ್ಡಾಕಿ, ನನ್ನ ಮಗಳು ಬಿಚ್ಚದಿದ್ರ ಕಳ್ಳಿ?"

ಕೆಮ್ಮು ಬಂದವಳ ಹಾಗೆ ಮಾಡಿದೆ. ಅವಳೇನು ನೀರು ತಂದುಕೊಡುವವಳೇ? ಕೆಮ್ಮು ಮುಗಿಯುವ ತನಕ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ಈ ತಿಂಗಳ ಕೊನೆಗೆ ಕಾಲೇಜಿಗೆ ಫೀ ಕಟ್ಟದಿದ್ದರೆ ಇರಮಳ ಹೆಸರು ಹೊಡೆದು ಹಾಕುತ್ತಾರಂತೆ. "ನಿನ್ನ ಪಡಸಾಲಿ ನಂಬಿಕೊಂಡ್ ಕುಂತಿತ್ತು ಹುಡುಗಿ" ಎಂದು ಹೇಳಿ ಹೋದಳು.

ಹುಡುಗಿಯರು ಬಂದು, ಖಾಲಿ ಕುರ್ಚಿ ನೋಡಿ ತಿರುಗಿ ಹೋದರು.

ಬುಧವಾರ, 15 ಆಗಸ್ಟ್

ಪಂಚಮಿಗೆ ಕರೆದೊಯ್ಯಲು ಮಸೂತಿಯಿಂದ ಭುವನಾಳ ತಮ್ಮ ಸಿದ್ದಲಿಂಗ ಬಂದಿದ್ದ. ಪ್ರತಿ ವರ್ಷ ಎಂಟು ದಿನ ಮೊದಲೇ ಚೀಲ ಕಟ್ಟಿಡುವವಳು ಈ ಸಲ ಒಲ್ಲೆ ಎಂದಳು. ಅತ್ತೆಗೆ ಆರಾಮ ಇಲ್ಲ ಎಂದಳಂತೆ. ನಾನು ರುಬ್ಬುವ ಗುಂಡಿನ ಹಾಗೆ ಇದ್ದೇನೆ! ಅವನು ಜೋಕಾಲಿಯ ಹಗ್ಗದ ಸುದ್ದಿ ಹೇಳಿ, ಉಂಡಿ ತಿಂದು, ಒಬ್ಬನೇ ಬಸ್ಸು ಹತ್ತಿದ.

ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದ್ದೇವೆ.

ಗುರುವಾರ, 16 ಆಗಸ್ಟ್

ಸಿಕ್ಕಳು! ಅಬ್ಬಲಿಗೆ ಸಿಕ್ಕಳು!

ಇಂದು ರೊಟ್ಟಿ ಪಂಚಮಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ ಮನೆ ಮನೆಗೆ ಬೀರಬೇಕು. ಭುವನಾ ಬಡಿಯುತ್ತಿದ್ದಳು, ನಾನು ಒಲೆಯ ಮುಂದೆ ಕೂತಿದ್ದೆ. ತವೆಯ ಮೇಲಿನ ರೊಟ್ಟಿ ಬೇಯುವ ತನಕ ಅವಳ ಎಡಗೈ ಹಿಟ್ಟಿನ ಹಲಗೆಯ ಮೇಲೆ ಸುಮ್ಮನಿರಲಿಲ್ಲ. ಕಿರುಬೆರಳು, ಅದರ ಪಕ್ಕದ್ದು, ನಡುವಿನದು, ತೋರುಬೆರಳು. ತೋರುಬೆರಳು ಒಂದು ಹೆಜ್ಜೆ ಆಚೆ ಹೋಗಿ ಮತ್ತೆ ತನ್ನ ಜಾಗಕ್ಕೆ ಬಂತು. ಆಮೇಲೆ ಬಲಗೈ. ನೋಡದೆ, ತಪ್ಪದೆ.

ಇದು ನನಗೆ ಗೊತ್ತು! ಎ, ಎಸ್, ಡಿ, ಎಫ್, ಜಿ, ಎಫ್! ಇರಮ ಹುಡುಗಿಯರಿಗೆ ದಿನಾ ಹಾಡಿನ ಹಾಗೆ ಹೇಳಿಸುವುದು ಇದನ್ನೇ. ಹಲಗೆಯ ಹಿಟ್ಟಿನ ಮೇಲೆ ಸಾಲಾಗಿ ಚುಕ್ಕಿಗಳು ಬಿದ್ದಿದ್ದವು.

"ಭುವನಾ."

"ಏನ್ರಿ ಅತ್ತಿ?"

"ಅಬ್ಬಲಿಗಿ ನೀನೇನ?"

ರೊಟ್ಟಿ ಸೀಯತೊಡಗಿತು. ಅವಳು ತಿರುವಲಿಲ್ಲ. "ಹೌದ್ರಿ."

"ಇರಮಗ ಗೊತ್ತಿತ್ತು."

"ಆಕೀನ ಅಂಗಳದಿಂದ ಕದ್ದು ಬಂದು ಕಲಿಸಿದ್ಳು. ನೀವು ಎಮ್ಮಿ ಕಡೆ ಹೋದಾಗ, ನಾ ಕಸಬರಗಿ ಹಿಡ್ಕೊಂಡ್ ಬಂದಾಗ. ಹೆಸರು ಮಾಡಿದಾಕಿ ಮಾತ್ರ ನಾನಾ. ಮೂರು ದಿನಾತು, ಹೇಳಬೇಕಂತೇನಿ, ನಿಮ್ಮ ಮಾರಿ ನೋಡಿ ನಾಲಿಗಿ ಹಿಂದ ಸರೀತೈತಿ."

"ಏನ ಬಚ್ಚಿಟ್ಟಿ ಅದರಾಗ?"

"ಏನೂ ಇಲ್ರಿ. ಖಾಲಿ ಐತಿ."

"ಖಾಲಿ ಇದ್ದದ್ದಕ್ಕ ಕೀಲಿ ಯಾಕಬೇ?"

ಆಗ ಅವಳು ನನ್ನ ಸೊಂಟದ ಕಡೆ ನೋಡಿದಳು. "ನನ್ನ ತವರಿನ ಟ್ರಂಕಿನ ಕೀಲೀನೂ ನಿಮ್ಮ ಗೊಂಚಲದಾಗ ಐತ್ರಿ ಅತ್ತಿ. ನಾನಾ ತಗದು ನಾನಾ ಮುಚ್ಚೂದು ಒಂದಾರ ಇರ್ಲಿ ಅಂತ ಮಾಡಿಕೊಂಡೆ. ಒಳಗ ಏನರ ಇಡಾಕ ಇನ್ನಾ ಧೈರ್ಯ ಬಂದಿಲ್ಲ."

ನನ್ನ ಹತ್ತಿರ ಬೈಗುಳಕ್ಕೆ ಬರವೇ? ಬಾಯಿ ತೆರೆದೆ. ಹೊಗೆ ಒಳಗೆ ಹೋಯಿತು, ಮುಚ್ಚಿದೆ. ಅವಳು ಈಗಲೇ ಹೋಗಿ ಶಮಶಾದಬಿಯ ಕಾಲು ಹಿಡಿಯುತ್ತೇನೆ ಎಂದು ಎದ್ದಳು. "ಕುಂಡ್ರು. ಹೊರಗ ಹಾಕಿದಾಕಿ ನಾನು, ನೀ ಯಾಕ ಹೋಗ್ತಿ?" ಎಂದೆ.

ಸೀದ ರೊಟ್ಟಿಯನ್ನು ನಾನೇ ತಿಂದೆ. ಹಬ್ಬದ ದಿನ ಚೆಲ್ಲಬಾರದು.

ಶುಕ್ರವಾರ, 17 ಆಗಸ್ಟ್

ರೊಟ್ಟಿ ಬೀರಲು ಎಂದೂ ನಾನು ಹೋದವಳಲ್ಲ, ಸೊಸೆಯೇ ಹೋಗುವುದು. ಇಂದು ತಟ್ಟೆ ಹೊತ್ತು ನಾನೇ ಹೋದೆ. ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ನೋಡಲಿ, ನನಗೇನು ಕೊಂಬು ಮೂಡಿದ್ದವೇ?

ಶಮಶಾದಬಿ ತಟ್ಟೆ ಮುಟ್ಟಲಿಲ್ಲ. "ಯಾರಿಗಿದು? ಕಳ್ಳರ ಮನಿಗಿ?"

"ಕಳ್ಳಿ ನಮ್ಮ ಮನ್ಯಾಗ ಸಿಕ್ಕಾಳ. ನನ್ನ ಸೊಸಿ. ಕದ್ದದ್ದು ಒಂದು ಖಾಲಿ ಖೋಲಿ. ನಿನ್ನ ಮಗಳು ಆಕಿನ್ನ ಮುಚ್ಚಿಟ್ಟು ತಾ ಬೈಸ್ಕೊಂಡ್ಳು. ತಪ್ಪು ನಂದು. ಕಳಿಸು ಆಕಿನ್ನ."

"ಇದೇನ ಬಾಳವ್ವಾ, ತಪ್ಪು ನಂದು ಅನ್ನೂ ಮಾತು ನಿನ್ನ ಬಾಯಾಗ? ಏ ಇರಮಾ, ಓಡಿ ಬಾ, ಇನ್ನೊಮ್ಮಿ ಅನ್ನಸ್ತೇನಿ!"

"ಒಮ್ಮಿ ಅಂದೇನಿ. ಸಾಕು."

"ನಾ ಸುಮ್ಮನ ಮರಿಯಾಕಿ ಅಲ್ಲ. ನಿನ್ನ ಕಂಪ್ಯೂಟರಿನಂಗ ಹದಿನೈದು ನಿಮಿಷಕ್ಕ ಆಗೂದಿಲ್ಲ ನಂದು. ಪಂಚಮಿ ಮುಗಿಯೂತನಕ ಬೈತೇನಿ."

"ಬೈ. ಮೊದಲ ರೊಟ್ಟಿ ತಿನ್ನು, ಬೈಯಾಕ ಶಕ್ತಿ ಬರ್ಲಿ."

ಇರಮ ಬಾಗಿಲ ಪರದೆಯ ಹಿಂದಿನಿಂದ ನಗುತ್ತ ಬಂದು ತಟ್ಟೆ ಇಸಿದುಕೊಂಡು, ಖಾಲಿ ಮಾಡಿ ಕೊಟ್ಟಳು. ತಿರುಗಿ ಬರುವಾಗ ನನ್ನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಖಾಲಿ ತಟ್ಟೆ ಹಗುರ ಇರುತ್ತದೆ, ಅದಕ್ಕೇ.

ಸೋಮವಾರ, 20 ಆಗಸ್ಟ್

ಕ್ಲಾಸು ಮತ್ತೆ ಶುರು! ಪಡಸಾಲೆಯಲ್ಲಿ ಚಪ್ಪಲಿ ಇಡಲು ಜಾಗವಿಲ್ಲ. ಹಬ್ಬದಲ್ಲಿ ಸುದ್ದಿ ಹರಡಿ ಇನ್ನೂ ನಾಲ್ಕು ಹುಡುಗಿಯರು ಸೇರಿದ್ದಾರೆ. ಇರಮಳ ಕಾಲೇಜಿನ ಚಿಂತೆ ಇನ್ನಿಲ್ಲ.

ಅಬ್ಬಲಿಗೆಯನ್ನು ಅಳಿಸಿ ಹಾಕಲೇ ಎಂದು ಇರಮ ಕೇಳಿದಳು. ಭುವನಾ ಬಾಗಿಲ ಹಿಂದೆ ನಿಂತಿದ್ದಳು, ಬಳೆಯ ಸದ್ದು ಕೇಳುತ್ತಿತ್ತು.

"ಅಳಿಸಬ್ಯಾಡ. ಆಕೀನೂ ಅಡ್ಮಿನ್ ಮಾಡಾಕ ಬರ್ತೈತೇನ?"

"ಬರ್ತೈತ್ರಿ. ಆಕಿ ಪಾಸ್‌ವರ್ಡ್ ಆಕೀಗೆ, ನಿಮ್ಮದು ನಿಮಗ."

"ಒಂದು ಮನ್ಯಾಗ ಇಬ್ಬರು ಯಜಮಾನ್ತೇರು? ನಡೀತೈತೇನ?"

"ಕಂಪ್ಯೂಟರಿಗೆ ನಡೀತೈತ್ರಿ ಆಯಿ. ಮನಿ ಸುದ್ದಿ ನಂಗೊತ್ತಿಲ್ಲ."

ಭುವನಾಳನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. ಅವಳು ತನ್ನ ಪಾಸ್‌ವರ್ಡ್ ಹಾಕುವಾಗ ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಹತ್ತೂ ಬೆರಳಿನಿಂದ ಒತ್ತಿದಳು, ಕಾದ ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ! ಹುಡುಗಿಯರು ಬಾಯಿ ತೆರೆದು ನೋಡಿದರು. ನಮ್ಮ ಸೊಸೆ ಬಾಗೇವಾಡಿಯಲ್ಲಿ ಮೆಟ್ರಿಕ್ ಪಾಸು ಎಂದು ಅವರಿಗೆ ಹೇಳಿದೆ. ಹಿಂದೆ ಕೂತವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ಇನ್ನೊಮ್ಮೆ ಹೇಳಿದೆ. ಸಂಜೆ ಶ್ರೀಶೈಲ ಬಂದಾಗ ಅವನಿಗೂ ಹೇಳಿದೆ. "ನನಗ ಗೊತ್ತಿಲ್ಲೇನಬೇ?" ಎಂದ. ಗೊತ್ತಿದ್ದರೆ ಇಷ್ಟು ದಿನ ಏಕೆ ಸುಮ್ಮನಿದ್ದ?

ಸೋಮವಾರ, 27 ಆಗಸ್ಟ್

ಸೊಂಟ ನೋಯುತ್ತದೆ ಎಂದು ಕೀಲಿಗೊಂಚಲನ್ನು ಅಡುಗೆಮನೆಯ ಗೂಟಕ್ಕೆ ಹಾಕಿದ್ದೇನೆ. ಅದರಲ್ಲಿ ಒಂದು ಸಣ್ಣ ಕೀಲಿ ಕಡಿಮೆ ಇದೆ. ಇರಲಿ, ನಾನೇ ಬಿಚ್ಚಿ ಹಿಟ್ಟಿನ ಹಲಗೆಯ ಮೇಲೆ ಇಟ್ಟಿದ್ದೆ. ತೆಗೆದುಕೊಳ್ಳಬೇಕಾದವರು ತೆಗೆದುಕೊಂಡಿದ್ದಾರೆ.

ಈಗ ಉಳಿದಿರುವುದು ಆ ಸೊನ್ನೆ. ಒತ್ತಿ ಒತ್ತಿ ನನಗೂ ಸಾಕಾಗಿದೆ, ಭುವನಾಳಿಗೂ ಸಾಕಾಗಿದೆ. ಎಷ್ಟು ಹೊತ್ತು ನೆನಪಿಡಲಿ ಎಂದು ಇರಮ ದಿನಾ ಕೇಳುತ್ತಾಳೆ. ಇಂದು ಯೋಚಿಸಿದೆ. ಹಗೇವನ್ನು ಎಷ್ಟು ಹೊತ್ತು ತೆರೆದಿಡಬೇಕು ಎಂದು ಮೇಲೆ ನಿಂತ ನಮ್ಮಜ್ಜಿ ಎಂದೂ ಹೇಳುತ್ತಿರಲಿಲ್ಲ. ಕಂದೀಲು ಇಳಿಬಿಟ್ಟವರು, ಒಳಗೆ ಇಳಿಯುವವರು ಹೇಳುತ್ತಿದ್ದರು.

ಆದ್ದರಿಂದ ಕೇಳು, ಕದ್ದು ಓದುತ್ತಿರುವವಳೇ. ಆಗಸ್ಟ್ ಏಳರ ಪುಟದ ಮೂಲೆಯಲ್ಲಿ ಹಿಟ್ಟಿನ ಬೆರಳಚ್ಚು ಬಿದ್ದಿದೆ. ಸಾರಿನ ಉಪ್ಪಿನ ಮಾತು ಇರುವ ಪುಟ ಅದು. ಅಲ್ಲಿ ಬಹಳ ಹೊತ್ತು ನಿಂತಿದ್ದೀ, ಬೆರಳು ಅಷ್ಟು ಒತ್ತಿ ಮೂಡಿದೆ. ಆ ಪುಟವನ್ನು ಹರಿಯುವುದಿಲ್ಲ, ಬರೆದದ್ದು ಬರೆದದ್ದೇ. ಹಿಟ್ಟನ್ನೂ ಒರೆಸಿಲ್ಲ.

ಸೊನ್ನೆಯೋ, ಐದೋ, ಹದಿನೈದೋ, ನೀನೇ ಹೇಳು. ಕಳೆಯುವ ಗೆರೆ ಮಾತ್ರ ಬೇಡ. ಎಂದೂ ಮರೆಯದೆ ಕೂತರೆ ಅದರ ತಲೆ ಬಿಸಿಯಾದೀತು. ಇದರ ಕೆಳಗೆ ಅರ್ಧ ಪುಟ ಬಿಟ್ಟಿದ್ದೇನೆ, ಪೆನ್ನು ಒಳಗೇ ಇದೆ. ಕೈ ತೊಳೆದುಕೊಂಡು ಬಾ, ದುಂಡಗೆ ಬರೆ, ಅತ್ತೆಗೆ ಅಂಜಿ ಬರೆಯಬೇಡ. ಸೆಪ್ಟೆಂಬರ್ ಹುಟ್ಟುವುದರೊಳಗೆ ಉತ್ತರ ಇಲ್ಲಿರಬೇಕು.